ಐವತ್ತೆರಡು ಪೌಂಡು

ಸೆಮಿಫೈನಲ್ ಮುಗಿದು ಇನ್ನೂ ಅರ್ಧ ಗಂಟೆ ಆಗಿರಲಿಲ್ಲ, ಕಣ್ಣಿನ ಡಾಕ್ಟರು ಎರಡು ರ‍್ಯಾಕೆಟ್ ಹಿಡಿದುಕೊಂಡು ನನ್ನ ಕೋಣೆಗೆ ಬಂದರು. ಅವರ ಹಿಂದೆಯೇ ಕ್ಲಬ್ಬಿನ ಸೆಕ್ರೆಟರಿ. ಇಬ್ಬರೂ ಒಟ್ಟಿಗೆ ಬಂದದ್ದು ನನ್ನ ಯೋಗಕ್ಷೇಮ ವಿಚಾರಿಸಲು ಅಲ್ಲ ಎಂದು ತಿಳಿಯಲು ದೊಡ್ಡ ಬುದ್ಧಿಯೇನೂ ಬೇಕಿರಲಿಲ್ಲ.

ನನ್ನ ಕೋಣೆ ಎಂದರೆ ಕ್ಲಬ್ಬಿನ ಮೆಟ್ಟಿಲ ಕೆಳಗಿನ ಜಾಗ. ಬಾಗಿಲ ಹತ್ತಿರ ನೆಟ್ಟಗೆ ನಿಲ್ಲಬಹುದು, ಒಳಗೆ ಎರಡು ಹೆಜ್ಜೆ ಇಟ್ಟರೆ ತಲೆ ತಗುಲುತ್ತದೆ. ಒಂದು ಮೆಷಿನ್ನು, ಒಂದು ಮೇಜು, ಒಂದು ಸ್ಟೂಲು, ಗೋಡೆಯ ಮೊಳೆಗಳಲ್ಲಿ ಗಟ್ಟಿನ, ಅಂದರೆ ರ‍್ಯಾಕೆಟ್ಟಿಗೆ ಹೆಣೆಯುವ ಎಳೆಯ, ಸುರುಳಿಗಳು. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಕೂತು ಟೆನಿಸ್ ರ‍್ಯಾಕೆಟ್ಟುಗಳಿಗೆ ಗಟ್ ಹಾಕುತ್ತಿದ್ದೇನೆ. ಆಟಗಾರರು ಇಂತಿಷ್ಟು ಪೌಂಡು ಎನ್ನುತ್ತಾರೆ. ನಾನು ಅಷ್ಟು ಬಿಗಿಯಾಗಿ ಎಳೆದು ಕಟ್ಟಿ, ಹಿಡಿಗೆ ಒಂದು ಚೀಟಿ ಅಂಟಿಸಿ ಪೌಂಡು, ತಾರೀಕು ಬರೆದು ಸಹಿ ಹಾಕುತ್ತೇನೆ. ಆ ಸಹಿಯನ್ನು ಅಲ್ಲಿಯವರೆಗೆ ಯಾರೂ ಎರಡನೇ ಸಲ ನೋಡಿದ್ದಿಲ್ಲ.

ಡಾಕ್ಟರು ನೋಡಿದರು. ಚೀಟಿಯ ಮೇಲೆ ಬೆರಳಿಟ್ಟು, "ಇಲ್ಲಿ ಐವತ್ತೆರಡು ಅಂತ ಬರ್ದಿದೀರಿ. ಈಗ ನಮ್ಮೆದುರಿಗೇ ಅಳೆದು ತೋರಿಸಿ" ಎಂದರು.

ಅವರ ಮಗಳು ಈ ಟೂರ್ನಮೆಂಟಿನ ಮೊದಲನೇ ಸೀಡ್, ಗೆಲ್ಲುವವಳೆಂದು ಎಲ್ಲರೂ ಎಣಿಸಿದ್ದವಳು. ಎಡಗೈಯಲ್ಲಿ ಆಡುತ್ತಾಳೆ, ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಎಡಗೈ. ಅವಳನ್ನು ಆ ಬೆಳಿಗ್ಗೆ ಸೋಲಿಸಿದವಳು ನನ್ನ ಮಗಳು. ಹುಟ್ಟಿದಾಗ ಅಂಗೈಯಷ್ಟಿದ್ದಳು ಎಂದು ಗುಬ್ಬಿ ಎಂದು ಕರೆದೆವು. ಈಗ ಹದಿನೇಳು ವರ್ಷ, ನನಗಿಂತ ಎತ್ತರ, ಆದರೂ ಗುಬ್ಬಿಯೇ. ಹಿಂದೆ ಆರು ಸಲ ಇವರಿಬ್ಬರೂ ಆಡಿದ್ದರು, ಆರೂ ಸಲ ಎಡಗೈ ಗೆದ್ದಿದ್ದಳು. ಏಳನೆಯ ಸಲ ಗುಬ್ಬಿ ಗೆದ್ದಳು, ಆರು–ಎರಡು, ಆರು–ಒಂದು. ಸೋತವಳ ರ‍್ಯಾಕೆಟ್ಟಿಗೆ ಗಟ್ ಹಾಕಿದವನು ಗೆದ್ದವಳ ಅಪ್ಪ. ಡಾಕ್ಟರು ಬಾಯಿಬಿಟ್ಟು ಹೇಳದಿದ್ದರೂ ಲೆಕ್ಕ ಅವರ ಮುಖದ ಮೇಲೆ ಬರೆದಿತ್ತು.

ಬಿಗಿ ಅಳೆಯುವ ಮೀಟರನ್ನು ಗಟ್ಟಿನ ಮೇಲಿಟ್ಟೆ. ನಲವತ್ತೊಂಬತ್ತು. ಎರಡನೆಯದು ನಲವತ್ತೆಂಟೂವರೆ.

"ನೋಡಿದ್ರಾ?" ಎಂದು ಡಾಕ್ಟರು ಸೆಕ್ರೆಟರಿಯ ಕಡೆ ತಿರುಗಿದರು.

"ಡಾಕ್ಟ್ರೇ, ಗಟ್ ಯಾವುದಾದ್ರೂ ಕಟ್ಟಿದ ಮಾರನೇ ದಿನಕ್ಕೆ ಇಳಿಯತ್ತೆ. ಆಡಿದ್ರಂತೂ ಇನ್ನೂ ಇಳಿಯತ್ತೆ. ಬೇಕಿದ್ರೆ ನನ್ನ ಮಗಳದ್ದೂ ಅಳೀತೀನಿ."

ಗುಬ್ಬಿಯ ರ‍್ಯಾಕೆಟ್ ತರಿಸಿ ಅಳೆದೆ. ಐವತ್ನಾಲ್ಕಕ್ಕೆ ಕಟ್ಟಿದ್ದು ಐವತ್ತೊಂದಕ್ಕೆ ಇಳಿದಿತ್ತು. ಇಲ್ಲೂ ಅದೇ ಮೂರು ಪೌಂಡು.

"ಮೀಟರೂ ನಿಮ್ಮದೇ, ಕೈಯೂ ನಿಮ್ಮದೇ," ಎಂದರು ಡಾಕ್ಟರು. ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅವರು ಕಾಯಿಲೆಯ ಹೆಸರು ಹೇಳುವವರಂತೆ ತಣ್ಣಗೆ ಹೇಳಿ ಹೊರಟುಹೋದರು.

ಸೆಕ್ರೆಟರಿ ಹಿಂದೆ ಉಳಿದು ಮೇಜಿನ ಮೇಲಿದ್ದ ಕತ್ತರಿಯನ್ನು ಸುಮ್ಮನೆ ಅತ್ತಿಂದಿತ್ತ ಜರುಗಿಸಿದರು. "ಬೇಜಾರು ಮಾಡ್ಕೋಬೇಡಿ. ನಾಳೆ ಹತ್ತು ಗಂಟೆಗೆ ಕಮಿಟಿ ಕೂರತ್ತೆ. ರಿಸಲ್ಟು ಬದಲಾಗಲ್ಲ, ಅದು ಆಯ್ತು. ಪ್ರಶ್ನೆ ಇರೋದು ನಿಮ್ಮ ಬಗ್ಗೆ. ಅನುಮಾನ ಬಂದ ಕೈಯಲ್ಲಿ ನಾಳೆ ಯಾರು ರ‍್ಯಾಕೆಟ್ ಕೊಡ್ತಾರೆ, ನೀವೇ ಹೇಳಿ?"

ಗಟ್ ಹಾಕುವವನ ಬಳಿ ನಂಬಿಕೆ ಬಿಟ್ಟರೆ ಮಾರಲು ಬೇರೇನೂ ಇರುವುದಿಲ್ಲ. ಎಳೆ ಎಷ್ಟು ಬಿಗಿಯಿದೆ ಎಂದು ಯಾವ ಆಟಗಾರನ ಕಣ್ಣಿಗೂ ಕಾಣುವುದಿಲ್ಲ. ಚೀಟಿಯಲ್ಲಿ ಬರೆದದ್ದನ್ನು ನಂಬಿ ಅವನು ಅಂಗಳಕ್ಕೆ ಇಳಿಯುತ್ತಾನೆ. ನಂಬಿಕೆ ಹೋದರೆ ನಾನು ಮೆಟ್ಟಿಲ ಕೆಳಗೆ ಕೂತ ಒಬ್ಬ ಮುದುಕ, ಅಷ್ಟೇ.

ಅವರು ಹೋದಮೇಲೆ ನನ್ನನ್ನೇ ನಾನು ವಿಚಾರಣೆಗೆ ನಿಲ್ಲಿಸಿಕೊಂಡೆ. ಸ್ಪ್ರಿಂಗ್ ತಕ್ಕಡಿಯನ್ನು ಮೆಷಿನ್ನಿಗೆ ಸಿಕ್ಕಿಸಿ ಎಳೆದು ನೋಡಿದೆ, ಐವತ್ತೆರಡಕ್ಕೆ ಐವತ್ತೆರಡೇ ತೋರಿಸಿತು. ಸುರುಳಿ ತಪ್ಪಿ ಬೇರೆ ಗಟ್ ಹಾಕಿದೆನೋ ಎಂದು ತುಂಡುಗಳನ್ನು ಕಸದ ಬುಟ್ಟಿಯಿಂದ ಹೆಕ್ಕಿ ಹೋಲಿಸಿದೆ, ಅದೂ ಸರಿಯಿತ್ತು. ನನ್ನದು ತಪ್ಪಿಲ್ಲ ಎಂದು ಖಾತ್ರಿಯಾದ ಕೂಡಲೇ ಅನುಮಾನ ಬೇರೆಯವರ ಕಡೆ ಹೊರಳಿತು. ಡಾಕ್ಟರೇ ಬೇಕೆಂದು ಬಿಸಿಲಲ್ಲಿ ಕಾರಿನೊಳಗೆ ರ‍್ಯಾಕೆಟ್ ಇಟ್ಟು ಗಟ್ ಇಳಿಸಿ ತಂದರೇನು? ಸೆಕ್ರೆಟರಿಯ ಬಾಮೈದ ಪಕ್ಕದ ಬೀದಿಯಲ್ಲಿ ಆಟದ ಸಾಮಾನಿನ ಅಂಗಡಿ ಇಟ್ಟಿದ್ದಾನೆ, ಅಲ್ಲೂ ಗಟ್ ಹಾಕುತ್ತಾರೆ, ಈ ಕೋಣೆಯ ಮೇಲೆ ಅವರಿಗೆ ಕಣ್ಣಿದೆಯೇನು? ಅನುಮಾನ ಒಳಗೆ ಹೊಕ್ಕ ಮೇಲೆ ನೀರು ಕೊಡಲು ಬಂದವನ ಲೋಟವನ್ನೂ ಮೂಸಿ ನೋಡಿದೆ.

ಒಂದು ಸಂಗತಿ ಮಾತ್ರ ಯಾವ ಲೆಕ್ಕಕ್ಕೂ ಕೂಡಿಬರಲಿಲ್ಲ. ನಾನು ಮ್ಯಾಚ್ ನೋಡಿದ್ದೆ. ಅದಕ್ಕೆ ಮೊದಲು, ಬೆಳಿಗ್ಗೆಯ ಅಭ್ಯಾಸದ ಹೊಡೆತಗಳಲ್ಲಿ ಎಡಗೈ ಚೆನ್ನಾಗಿಯೇ ಇದ್ದಳು. ಅವಳ ಸರ್ವು ಗುಬ್ಬಿಯ ಬ್ಯಾಕ್‌ಹ್ಯಾಂಡಿನಿಂದ ಆಚೆಗೆ ಓಡಿಹೋಗುವಂಥದ್ದು. ಆರು ಸಲ ಅದೇ ಸರ್ವಿಗೆ ನನ್ನ ಮಗಳು ಬಲಿಯಾಗಿದ್ದಳು. ಅವತ್ತೂ ಅದೇ ಸರ್ವು ಸಲೀಸಾಗಿ ಬೀಳುತ್ತಿತ್ತು. ಅಂಪೈರ್ ಟಾಸಿಗೆ ಕರೆದರು, ಇಬ್ಬರೂ ನೆಟ್ಟಿನ ಹತ್ತಿರ ಬಂದರು, ಆಮೇಲೆ ಒಂದೇ ಗೇಮ್ ಆಡಿ ಎಡಗೈ ರ‍್ಯಾಕೆಟ್ ಬದಲಿಸಿದಳು. ಮತ್ತೆ ಎರಡು ಗೇಮಿಗೆ ಮೊದಲಿನದು. ಮ್ಯಾಚಿನಲ್ಲಿ ಒಟ್ಟು ಐದು ಸಲ ಬದಲಿಸಿದಳು. ಪ್ರತಿ ಪಾಯಿಂಟಿನ ನಡುವೆ ಗಟ್ಟನ್ನು ಅಂಗೈಗೆ ಬಡಿದು ಕಿವಿಯ ಹತ್ತಿರ ಹಿಡಿಯುತ್ತಿದ್ದಳು. ಆಗ ನನಗೆ ಒಳಗೊಳಗೇ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಎದುರಾಳಿಯ ತಲೆ ಕೆಟ್ಟರೆ ಯಾವ ಅಪ್ಪ ಅಳುತ್ತಾನೆ? ಆದರೆ ಕೈಯಲ್ಲಿದ್ದ ರ‍್ಯಾಕೆಟ್ ಬೆಳಿಗ್ಗೆಯೆಲ್ಲ ಸರಿಯಿದ್ದು ಟಾಸ್ ಆದಮೇಲೆ ಕೆಟ್ಟಿತು ಎಂದರೆ, ಕೆಟ್ಟದ್ದು ರ‍್ಯಾಕೆಟ್ ಅಲ್ಲ.

ಮಧ್ಯಾಹ್ನ ನಾಲ್ಕರ ಹೊತ್ತಿಗೆ ಎಡಗೈ ಹಿಂದಿನ ಗೋಡೆಗೆ ಒಬ್ಬಳೇ ಚೆಂಡು ಹೊಡೆಯುತ್ತಿದ್ದಳು. ಕೈಯಲ್ಲಿ ಅದೇ ಐವತ್ತೆರಡು ಪೌಂಡಿನ ರ‍್ಯಾಕೆಟ್. ಗೋಡೆಯ ಒಂದೇ ಜಾಗಕ್ಕೆ ಹತ್ತಕ್ಕೆ ಹತ್ತು ಬೀಳುತ್ತಿತ್ತು.

"ಈಗ ಸರಿಯಾಗಿದ್ಯಲ್ಲಮ್ಮ ಗಟ್ಟು?" ಎಂದೆ. ಮಾತಿನಲ್ಲಿ ಸ್ವಲ್ಪ ಕಾರ ಇತ್ತು.

ಅವಳು ಚೆಂಡು ಹಿಡಿದುಕೊಂಡು ನಿಂತಳು. "ಅಂಕಲ್, ನಾನು ನಿಮ್ಮ ಬಗ್ಗೆ ಏನೂ ಹೇಳಿಲ್ಲ. ಅಪ್ಪನೇ ಕೋಪ ಮಾಡ್ಕೊಂಡು ಬಂದಿದ್ದು."

"ನೀನು ಹೇಳ್ದೆ ಅವರಿಗೆ ಹೆಂಗೆ ಅನುಮಾನ ಬಂತು?"

"ಯಾಕೆ ಐದು ಸಲ ರ‍್ಯಾಕೆಟ್ ಬದಲಿಸಿದೆ ಅಂತ ಕೇಳಿದ್ರು. ಗಟ್ಟು ಯಾಕೋ ಬೇರೆ ಥರ ಇದೆ ಅನ್ನಿಸ್ತು ಅಂದೆ." ಕಾಲಿನ ತುದಿಯಿಂದ ಗೆರೆಯನ್ನು ಉಜ್ಜಿದಳು. "ಟಾಸ್ ಹೊತ್ತಲ್ಲಿ ಗುಬ್ಬಿ ಒಂದು ಮಾತು ಹೇಳಿದ್ಲು. ನಿನ್ನ ರ‍್ಯಾಕೆಟ್ಟಿಗೆ ಗಟ್ ಹಾಕೋವಾಗ ನಮ್ಮಪ್ಪ ನಗ್ತಾ ಇದ್ರು, ಯಾಕೋ ಗೊತ್ತಿಲ್ಲ, ಅಂದ್ಲು. ಅಷ್ಟೇ ಅಂಕಲ್. ಆಮೇಲೆ ಆಲ್ ದಿ ಬೆಸ್ಟ್ ಅಂದ್ಲು."

ನಾನು ಅವಳ ಕೈಯಿಂದ ರ‍್ಯಾಕೆಟ್ ತೆಗೆದುಕೊಂಡು ಚೀಟಿಯ ಮೇಲಿನ ನನ್ನ ಸಹಿಯನ್ನು ನೋಡಿದೆ.

"ನಿಮ್ಮ ಮೇಲೆ ಅನುಮಾನ ಇಲ್ಲ ಅಂಕಲ್," ಎಂದು ಆ ಹುಡುಗಿ ಮತ್ತೆ ಹೇಳಿದಳು. "ಆದ್ರೆ ಸರ್ವ್ ಮಾಡೋಕೆ ಚೆಂಡು ಮೇಲೆ ಎಸೆದಾಗೆಲ್ಲ ನೀವು ನಗ್ತಾ ಇದ್ದಂಗೆ ಕಾಣ್ತಿತ್ತು."

ನಾನು ನಕ್ಕದ್ದು ನಿಜ. ಗುರುವಾರ ಸಂಜೆ ಎಡಗೈಯ ರ‍್ಯಾಕೆಟ್ ಮೆಷಿನ್ನಿನ ಮೇಲಿತ್ತು, ಗುಬ್ಬಿ ಸ್ಟೂಲಿನ ಮೇಲೆ ಕೂತು ತನ್ನ ಹಿಡಿಗೆ ಗ್ರಿಪ್ ಸುತ್ತಿಕೊಳ್ಳುತ್ತಿದ್ದಳು. ಆಗ ನನ್ನ ಹೆಂಡತಿಯ ಫೋನ್ ಬಂತು. ಒಂದು ಗಂಟೆಯಿಂದ ಮನೆಯೆಲ್ಲ ಹುಡುಕಿದ ಬೀರುವಿನ ಬೀಗದ ಕೈ ಫ್ರಿಜ್ಜಿನಲ್ಲಿ ತರಕಾರಿಯ ನಡುವೆ ಸಿಕ್ಕಿತಂತೆ. ನಾನು ಎಳೆ ಎಳೆಯುತ್ತಲೇ ಹೊಟ್ಟೆ ತುಂಬ ನಕ್ಕಿದ್ದೆ. ಯಾಕೆ ನಕ್ಕೆ ಎಂದು ಗುಬ್ಬಿಗೂ ಹೇಳಿ ಅವಳನ್ನೂ ನಗಿಸಿದ್ದೆ.

ಮನೆಗೆ ಹೋದಾಗ ಗುಬ್ಬಿ ನಡುಮನೆಯ ನೆಲದ ಮೇಲೆ ಕಾಲು ಚಾಚಿ ಕೂತು ಸ್ನಾಯು ಸಡಿಲಿಸಿಕೊಳ್ಳುತ್ತಿದ್ದಳು. ಅವಳಮ್ಮ ಆಸ್ಪತ್ರೆಯ ಲ್ಯಾಬಿನ ಕೆಲಸ ಮುಗಿಸಿ ಆಗಷ್ಟೇ ಬಂದು ಚಪ್ಪಲಿ ಬಿಡುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು ಕೇಳಿದೆ.

"ಎಡಗೈ ಹತ್ರ ಏನು ಹೇಳ್ದೆ?"

ಗುಬ್ಬಿ ತಲೆ ಎತ್ತಲಿಲ್ಲ. "ಸುಳ್ಳೇನೂ ಹೇಳ್ಲಿಲ್ಲ. ನೀನು ನಗ್ತಾನೇ ಇದ್ದೆ."

"ಯಾಕೋ ಗೊತ್ತಿಲ್ಲ ಅಂದ್ಯಂತಲ್ಲ, ಅದು ಸುಳ್ಳಲ್ವಾ? ಅಮ್ಮನ ಬೀಗದ ಕೈ ಸುದ್ದಿ ನಿನಗೆ ಗೊತ್ತಿತ್ತು."

"ಅಷ್ಟು ಬಿಟ್ರೆ ಎಲ್ಲ ನಿಜ," ಎಂದಳು.

ಅವಳ ಪಕ್ಕದಲ್ಲಿ ನೋಟ್ ಪುಸ್ತಕವಿತ್ತು. ತೆಗೆದುಕೊಂಡೆ, ಅವಳು ತಡೆಯಲಿಲ್ಲ. ಕ್ಲಬ್ಬಿನಲ್ಲಿ ಅವಳಿಗೆ ಆಟ ಕಲಿಸುವ ಕೋಚ್ ಹೇಳಿ ಬರೆಸುವ ಪುಸ್ತಕ. ಚೆಂಡು ಆಟದಲ್ಲಿರುವುದು ಮ್ಯಾಚಿನ ಕಾಲು ಭಾಗ ಹೊತ್ತು, ಉಳಿದ ಮುಕ್ಕಾಲು ಭಾಗ ತಲೆಯೇ ಆಡುತ್ತದೆ ಎಂದು ಆ ಮನುಷ್ಯ ಎಲ್ಲರಿಗೂ ಹೇಳುತ್ತಾನೆ. ಎರಡು ಪಾಯಿಂಟಿನ ನಡುವಿನ ಇಪ್ಪತ್ತೈದು ಸೆಕೆಂಡಿನಲ್ಲಿ ಏನು ಯೋಚಿಸಬೇಕು, ಸೋತ ಪಾಯಿಂಟನ್ನು ಟವೆಲಿನಲ್ಲಿ ಒರೆಸಿ ಬಿಡುವುದು ಹೇಗೆ, ಬ್ರೇಕ್ ಪಾಯಿಂಟಿನಲ್ಲಿ ಉಸಿರು ಎಷ್ಟು ಸಲ ಎಳೆದು ಬಿಡಬೇಕು, ಎಲ್ಲ ಚೆನ್ನಾಗಿಯೇ ಬರೆದುಕೊಂಡಿದ್ದಳು. ಹಿಂದಿನ ಪುಟಗಳಲ್ಲಿ ಪ್ರತಿ ಎದುರಾಳಿಗೂ ಒಂದು ಸಾಲು. ಆ ಹುಡುಗಿ ಯಾವುದಕ್ಕೆ ಹೆದರುತ್ತಾಳೆ ಎಂಬುದು. ಒಬ್ಬಳು ಗಾಳಿಗೆ, ಒಬ್ಬಳು ತನ್ನ ಅಮ್ಮ ನೋಡಲು ಬಂದರೆ. ಎಡಗೈಯ ಸಾಲಿನಲ್ಲಿ ಹೀಗಿತ್ತು: ರ‍್ಯಾಕೆಟ್ ಬಗ್ಗೆ ಅತಿ ಜಾಗ್ರತೆ. ಅಪ್ಪ.

'ಅಪ್ಪ' ಎಂಬುದರ ಪಕ್ಕ ಕೋಚ್ ಕೆಂಪು ಇಂಕಿನಲ್ಲಿ ಸರಿ ಗುರುತು ಹಾಕಿದ್ದ.

"ಇದು ಯಾರಪ್ಪ? ಅವಳಪ್ಪನಾ, ನಿಮ್ಮಪ್ಪನಾ?"

"ಅಪ್ಪ, ಯಾವ ರೂಲ್ ಮುರ್ದೆ ನಾನು? ಎಲ್ಲರೂ ಎದುರಾಳಿ ತಲೇಲಿ ಏನಾದ್ರೂ ಬಿಟ್ಟೇ ಆಡೋದು. ನನ್ನ ಕೈಯಲ್ಲಿ ಅವಳ ಸರ್ವ್ ಎತ್ತೋಕಾಗ್ತಿರ್ಲಿಲ್ಲ. ಆರು ಸಲ ನೋಡಿದೀಯಲ್ಲ. ಇನ್ನೇನು ಮಾಡ್ಲಿ?" ಕಣ್ಣಲ್ಲಿ ನೀರು ಬಂದಿತ್ತು. ಆದರೂ ಸೋತವಳ ನೀರಲ್ಲ ಅದು. "ಭಾನುವಾರ ಫೈನಲ್ ಗೆದ್ರೆ ರಾಷ್ಟ್ರೀಯ ಶಿಬಿರ. ಎರಡು ವರ್ಷ ಅಲ್ಲೇ ಇದ್ದು ಕಲೀಬಹುದು. ಇದೊಂದೇ ಸಲ ಸಿಗೋದು."

"ನನ್ನ ಹೆಸರು ಹೋಯ್ತಲ್ಲೇ."

"ನಿನ್ನ ಹೆಸರಿಗೆ ಏನೂ ಆಗಲ್ಲ ಅಂದ್ಕೊಂಡಿದ್ದೆ. ನಿನ್ನನ್ನ ಯಾರು ಅನುಮಾನಿಸ್ತಾರೆ ಅಂತ."

"ನಾಳೆ ಕಮಿಟಿಗೆ ಬಂದು ಹೇಳು. ಇಂಥ ಮಾತು ಆಡಿದೆ, ಅಪ್ಪಂದು ತಪ್ಪಿಲ್ಲ ಅಂತ."

"ಹೇಳಿದ್ರೆ ನನ್ನನ್ನ ಫೈನಲ್‌ನಿಂದ ತೆಗೆದುಹಾಕ್ತಾರೆ. ನಾನು ಹೇಳಲ್ಲ."

ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಹೊಸದೇನಲ್ಲ. ಪುಸ್ತಕ ಎಸೆದು ಕೂಗಿದೆ: "ಹಂಗಾದ್ರೆ ನಾನೇ ಹೇಳ್ತೀನಿ. ಆಮೇಲೆ ನಿನ್ನ ಫೈನಲ್ ನೀನೇ ನೋಡ್ಕೋ."

ಹೆಂಡತಿ ನಡುವೆ ಬಂದು ಪುಸ್ತಕ ಎತ್ತಿಕೊಂಡಳು. "ಅಪ್ಪನೂ ಮಗಳೂ ಒಂದೇ ಅಚ್ಚು. ಒಬ್ಬರ ಬಾಯಲ್ಲೂ ತಪ್ಪಾಯ್ತು ಅನ್ನೋ ಮಾತು ಬರಲ್ಲ. ಕೈಕಾಲು ತೊಳ್ಕೊಂಡು ಊಟಕ್ಕೆ ಬನ್ನಿ ರೀ." ಆ ರಾತ್ರಿ ಮೂವರೂ ತಟ್ಟೆಯನ್ನೇ ನೋಡಿಕೊಂಡು ಉಂಡೆವು.

ಶನಿವಾರ ಹತ್ತು ಗಂಟೆಗೆ ಕಮಿಟಿಯ ಎದುರು ನಿಂತೆ. ಉದ್ದನೆಯ ಮೇಜಿನ ಒಂದು ಕಡೆ ಸೆಕ್ರೆಟರಿ, ಇನ್ನೊಂದು ಕಡೆ ಡಾಕ್ಟರು. ನಡುವೆ ಕಮಿಟಿಯ ಸದಸ್ಯನೆಂದು ಕೂತಿದ್ದವನು ಅದೇ ಕೋಚ್. ಕೆಂಪು ಪೆನ್ನು ಜೇಬಿನಲ್ಲೇ ಇತ್ತು. ಅವನು ನನ್ನನ್ನು ನೋಡಿದ ರೀತಿಯಲ್ಲೇ ಗೊತ್ತಾಯಿತು, ನಾನು ಪುಸ್ತಕ ಓದಿದ್ದು ಅವನಿಗೆ ತಿಳಿದಿತ್ತು. ಗುಬ್ಬಿ ಫೋನ್ ಮಾಡಿರಬೇಕು.

"ಇಪ್ಪತ್ತೆರಡು ವರ್ಷದ ಕೆಲಸ ಇವರದು," ಎಂದು ಕೋಚ್ ಶುರುಮಾಡಿದ. "ನಾವ್ಯಾರೂ ಇವರನ್ನ ಅನುಮಾನಿಸ್ತಿಲ್ಲ. ಆದ್ರೂ ಆಟಗಾರರ ಮನಸ್ಸಿನಲ್ಲಿ ಒಂದು ಪ್ರಶ್ನೆ ಬಂದ ಮೇಲೆ..." ಮುಂದಿನದನ್ನು ಹೇಳದೆ ಬಿಟ್ಟ. ಹೇಳದೆ ಬಿಡುವುದರಲ್ಲಿ ಆ ಮನುಷ್ಯನನ್ನು ಮೀರಿಸುವವರಿಲ್ಲ.

"ನೀವೇನಾದ್ರೂ ಹೇಳೋದಿದ್ಯಾ?" ಎಂದು ಸೆಕ್ರೆಟರಿ ಕೇಳಿದರು.

ಹೇಳುವುದು ನಾಲಿಗೆಯ ತುದಿಗೆ ಬಂದಿತ್ತು. ಬೆಳಿಗ್ಗೆಯಿಂದ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಎರಡು ವಾಕ್ಯ ಸಾಕಿತ್ತು, ಡಾಕ್ಟರ ಮುಖ ಬದಲಾಗುತ್ತಿತ್ತು, ಕೋಚಿನ ಬಣ್ಣ ಬಯಲಾಗುತ್ತಿತ್ತು, ನನ್ನ ಸಹಿಗೆ ಮೊದಲಿನ ಬೆಲೆ ಬರುತ್ತಿತ್ತು. ಆದರೆ ಆ ವಾಕ್ಯ ಶುರುವಾಗುವುದು 'ನನ್ನ ಮಗಳು' ಎಂದು. ನಾಲ್ಕನೇ ವರ್ಷಕ್ಕೆ ಇದೇ ಮೆಟ್ಟಿಲ ಕೆಳಗೆ ಮುರಿದ ರ‍್ಯಾಕೆಟ್ ಹಿಡಿದು ಗೋಡೆಗೆ ಚೆಂಡು ಹೊಡೆಯಲು ಕಲಿತವಳು. ಅವಳ ಹೆಸರನ್ನು ಈ ಮೇಜಿನ ಮೇಲೆ ಇಡಲು ನನ್ನಿಂದ ಆಗಲಿಲ್ಲ.

"ಐವತ್ತೆರಡು ಅಂದ್ರು, ಐವತ್ತೆರಡೇ ಹಾಕಿದೀನಿ. ಇನ್ನೇನೂ ಹೇಳೋದಿಲ್ಲ," ಎಂದೆ.

ಡಾಕ್ಟರು ತಲೆಯಾಡಿಸಿದರು. ಅಪರಾಧಿ ಒಪ್ಪಿಕೊಂಡಷ್ಟೇ ಸಮಾಧಾನ ಅವರಿಗೆ. ಕೋಚ್ ಕಿಟಕಿಯ ಕಡೆ ನೋಡಿದ. ಸೆಕ್ರೆಟರಿ ಕೋಣೆಯ ಬೀಗದ ಕೈ ಕೇಳಿದರು, ಸದ್ಯಕ್ಕೆ ಬಾಮೈದನ ಅಂಗಡಿಯವರು ಗಟ್ ಹಾಕುತ್ತಾರೆ ಎಂದರು.

ನನ್ನ ಸ್ವಂತ ಸಾಮಾನು ಕಟ್ಟಿಕೊಂಡು, ಸುರುಳಿಗಳನ್ನು ಎಣಿಸಿ ಒಪ್ಪಿಸಿ, ಮೂರು ಗಂಟೆಗೆ ಮನೆ ಮುಟ್ಟಿದೆ. ದಾರಿಯಲ್ಲಿ ಕೋಪವೆಲ್ಲ ಇಳಿದುಹೋಗಿತ್ತು, ವಿಚಿತ್ರವೆಂದರೆ ಹಗುರವೂ ಆಗಿತ್ತು. ಹೆಸರು ಹೋದರೆ ಹೋಯಿತು, ಹೋಗಿದ್ದು ಮಗಳಿಗಾಗಿ. ಫೈನಲ್ಲಿಗೆ ಅವಳ ಮೂರು ರ‍್ಯಾಕೆಟ್ಟಿಗೂ ನಾನೇ ಗಟ್ ಹಾಕುತ್ತೇನೆ, ಅದನ್ನು ಯಾವ ಕಮಿಟಿಯೂ ತಡೆಯುವ ಹಾಗಿಲ್ಲ. ನಾನು ಕೆಲಸ ಕಲಿತ ಹಳೆಯ ಕೈ ಮೆಷಿನ್ನು ಅಟ್ಟದ ಮೇಲಿತ್ತು. ಇಳಿಸಿ, ಒರೆಸಿ, ನಡುಮನೆಯ ಮೇಜಿನ ಮೇಲಿಟ್ಟು ಕೂಗಿದೆ.

"ಗುಬ್ಬಿ, ರ‍್ಯಾಕೆಟ್ ತಾಮ್ಮ."

ಅವಳು ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಕೈ ಖಾಲಿಯಿತ್ತು. "ಆಗಿದೆ ಅಪ್ಪ."

"ಏನಾಗಿದೆ?"

"ಗಟ್ಟಿಂಗ್. ಅಂಗಡೀಲಿ ಮಾಡಿಸ್ಕೊಂಡು ಬಂದೆ."

ಒಳಗೆ ಹೋಗಿ ನೋಡಿದೆ. ಹಾಸಿಗೆಯ ಮೇಲೆ ಚೀಲ ತೆರೆದಿತ್ತು. ಮೂರಕ್ಕೂ ಹೊಸ ಗಟ್ಟು, ಹಿಡಿಯ ಮೇಲೆ ಬಾಮೈದನ ಅಂಗಡಿಯ ಬಣ್ಣದ ಸ್ಟಿಕ್ಕರು.

"ನಾನು ಕಮಿಟೀಲಿ ಏನೂ ಹೇಳ್ಲಿಲ್ಲ ಕಣೇ."

"ಗೊತ್ತು. ಕೋಚ್ ಫೋನ್ ಮಾಡಿದ್ರು, ಹನ್ನೊಂದಕ್ಕೆ."

"ಅಂಗಡಿಗೆ ಹೋಗಿದ್ದು ಅದಕ್ಕೆ ಮುಂಚೆನಾ, ಆಮೇಲಾ?"

ಅವಳು ನೆಲ ನೋಡಿದಳು. "ಆಮೇಲೆ."

ನಾನು ಹಾಸಿಗೆಯ ಅಂಚಿನಲ್ಲಿ ಕೂತೆ.

"ನೀನು ಹೇಳಿಬಿಟ್ಟಿದ್ರೆ ಕೋಪ ಅಲ್ಲಿಗೆ ಮುಗೀತಿತ್ತು," ಎಂದಳು ನಿಧಾನವಾಗಿ. "ಏನೂ ಹೇಳ್ಲಿಲ್ಲ ಅಂದಾಗ ಭಯ ಆಯ್ತು. ಕೋಪ ಎಲ್ಲ ಒಳಗೇ ಇಟ್ಕೊಂಡಿದೀಯ, ನನ್ನ ಗಟ್ಟಲ್ಲಿ ತೀರಿಸ್ಕೊಳ್ತೀಯೇನೋ ಅಂತ. ನಿನ್ನ ಮೇಲೆ ಅನುಮಾನ ಅಂತಲ್ಲ ಅಪ್ಪ, ಆಣೆಗೂ ಅಲ್ಲ. ಸರ್ವ್ ಮಾಡೋವಾಗ ಆ ಯೋಚನೆ ಒಂದೇ ಒಂದ್ಸಲ ಬಂದ್ರೂ ಸಾಕು, ಮ್ಯಾಚ್ ಹೋಯ್ತು. ಅದು ಬರ್ಲೇಬಾರ್ದು ಅಂತ."

ಊರೆಲ್ಲ ಅನುಮಾನಿಸಿದಾಗ ನನಗೆ ಕೋಪ ಬಂದಿತ್ತು. ಈಗ ಅದೂ ಬರಲಿಲ್ಲ. ನಾನು ತಪ್ಪು ಮಾಡಿಲ್ಲವೆಂದು ಈ ಭೂಮಿಯ ಮೇಲೆ ಚೆನ್ನಾಗಿ ಗೊತ್ತಿದ್ದವಳು ಅವಳೊಬ್ಬಳೇ.

ಸುಮ್ಮನಿರಲಾರದೆ ರ‍್ಯಾಕೆಟ್ಟುಗಳನ್ನು ಒಂದೊಂದಾಗಿ ಕೈಗೆ ತೆಗೆದುಕೊಂಡೆ. ಮೊದಲನೆಯದು ಪರವಾಗಿಲ್ಲ. ಎರಡನೆಯದೂ ಪರವಾಗಿಲ್ಲ. ಮೂರನೆಯದರ ಮೇಲೆ ಬೆರಳು ಆಡಿಸಿದ ಕೂಡಲೇ ತಿಳಿಯಿತು, ಕೊನೆಯ ಅಡ್ಡ ಎಳೆಗಳನ್ನು ಎಳೆಯುವಾಗ ಹಿಡಿತ ಜಾರಿದೆ. ಕೆಳಗಿನ ನಾಲ್ಕು ಎಳೆ ಸಡಿಲ. ಒಂದು ಸೆಟ್ಟು ಆಡಿದರೆ ಇಡೀ ರ‍್ಯಾಕೆಟ್ ಸತ್ತುಹೋಗುತ್ತದೆ.

ಬಿಚ್ಚಿ ಕಟ್ಟಲು ನನಗೆ ಮುಕ್ಕಾಲು ಗಂಟೆಯ ಕೆಲಸ. ಅವಳು ಕಟ್ಟಲು ಬಿಡುವುದಿಲ್ಲ. ಗಟ್ ಸಡಿಲ ಇದೆ ಎಂದು ಹೇಳಿದರೆ ಅದು ಪೂರ್ತಿ ನಿಜವಾದ ಮಾತು, ಆದರೆ ನಾಳೆ ಅವಳು ಚೆಂಡು ಮೇಲೆ ಎಸೆದಾಗೆಲ್ಲ ಅದೇ ಮಾತು ಕಣ್ಣೆದುರು ಬರುತ್ತದೆ. ಎಡಗೈಗೆ ಅವಳು ಮಾಡಿದ್ದನ್ನು ನಾನು ಅವಳಿಗೆ ಮಾಡಿದಂತೆ.

"ಹೆಂಗಿದೆ ಅಪ್ಪ?"

"ಚೆನ್ನಾಗಿ ಹಾಕಿದಾರೆ," ಎಂದೆ. ಗಟ್ಟಿನ ವಿಷಯದಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು. ಮೂರನೆಯ ರ‍್ಯಾಕೆಟ್ಟನ್ನು ಚೀಲದ ತಳದಲ್ಲಿಟ್ಟು ಅದರ ಮೇಲೆ ಸರಿಯಿದ್ದ ಎರಡನ್ನು ಇಟ್ಟೆ. ಕೈಗೆ ಅದು ಕೊನೆಗೆ ಸಿಗಲಿ ಎಂದು.

ಗುಬ್ಬಿ ನನ್ನ ಕೈಯನ್ನೇ ನೋಡುತ್ತಿದ್ದಳು.

"ಅದನ್ಯಾಕೆ ಕೆಳಗಿಟ್ಟೆ?"

"ಸುಮ್ನೆ."

"ಸುಮ್ನೆ ಅಂದ್ರೆ?"

"ಸುಮ್ನೆ ಅಂದ್ರೆ ಸುಮ್ನೆ ಕಣಮ್ಮ."

ಅವಳು ಮೂರನ್ನೂ ಚೀಲದಿಂದ ಹೊರಗೆ ತೆಗೆದು ಹಾಸಿಗೆಯ ಮೇಲೆ ಸಾಲಾಗಿ ಇಟ್ಟಳು. ಒಂದೊಂದನ್ನೇ ಬೆರಳಿಂದ ಮುಟ್ಟುತ್ತ, ಪ್ರತಿ ಸಲವೂ ನನ್ನ ಮುಖ ನೋಡತೊಡಗಿದಳು.